ಆಂಪ್ಲಿಫೈಯರ್‌ಗೆ ಸ್ಮಾರ್ಟ್ ಪ್ಲಗ್: ಹಾಕುವ ಮುಂಚೆ, ಹಾಕುವಾಗ, ಕರೆಂಟ್ ಹೋಗಿ ಬಂದಾಗ

ತುಮಕೂರಿನ ಎಸ್‌.ಎಸ್‌.ಪುರಂನ ನಮ್ಮ ಮನೆಯಲ್ಲಿ ಆಂಪ್ಲಿಫೈಯರ್ ಕೂತಿರುವುದು ಹಾಲ್‌ನ ಷೋಕೇಸಿನ ಮೇಲೆ. ತೊಂಬತ್ತರ ದಶಕದಲ್ಲಿ ಅಪ್ಪ ಬೆಂಗಳೂರಿನ ಎಸ್‌.ಪಿ.ರಸ್ತೆಗೆ ಎರಡು ಮೂರು ಸಲ ಹೋಗಿಬಂದು, ಟ್ರಾನ್ಸ್‌ಫಾರ್ಮರು, ಬೋರ್ಡು, ಹೀಟ್‌ಸಿಂಕು ಒಂದೊಂದೇ ತಂದು ಕಟ್ಟಿಸಿದ್ದು ಅದು. ಕಬ್ಬಿಣದ ಕವಚ, ಮುಂದೆ ಒಂದು ಕೆಂಪು ದೀಪ. ಆನ್-ಆಫ್ ಸ್ವಿಚ್ಚು ಮಾತ್ರ ಹಿಂದುಗಡೆ. ಬೆಳಿಗ್ಗೆ ಎದ್ದು ಆಕಾಶವಾಣಿ ಕೇಳಬೇಕೆಂದರೆ ಅಪ್ಪ ಸ್ಟೂಲ್ ಹತ್ತಿ ಕೈ ಹಿಂದಕ್ಕೆ ಹಾಕಿ ತಡಕಬೇಕು. ಎಪ್ಪತ್ತು ದಾಟಿದವರು ದಿನಾ ಸ್ಟೂಲ್ ಹತ್ತಿ ಇಳಿಯುವುದನ್ನು ನೋಡಲಾಗದೆ ನಾನು ಸ್ಮಾರ್ಟ್ ಪ್ಲಗ್ ತಂದೆ. ಗೋಡೆಯ ಪಾಯಿಂಟಿಗೂ ಯಂತ್ರದ ಪಿನ್ನಿಗೂ ನಡುವೆ ಕೂತು, ಫೋನಿನ ಆ್ಯಪ್‌ ಹೇಳಿದಂತೆ ಕರೆಂಟನ್ನು ಆನ್, ಆಫ್ ಮಾಡುವ ಪುಟ್ಟ ಡಬ್ಬಿ ಅದು.

ಅದನ್ನು ಸರಿಯಾಗಿ ಹೊಂದಿಸಿಕೊಳ್ಳುವುದಕ್ಕೆ ಕೆಲವು ತಿಂಗಳು ಹಿಡಿಯಿತು. ಟೇಬಲ್ ಲ್ಯಾಂಪು, ಸೊಳ್ಳೆಬತ್ತಿ ಮಷೀನಿಗೆ ಹೊಂದುವ ಪ್ಲಗ್ಗು ಆಂಪ್ಲಿಫೈಯರ್‌ಗೂ ಹೊಂದಬೇಕೆಂದಿಲ್ಲ. ಪ್ಲಗ್ ಯಾವ ಕಂಪನಿಯದು ಎನ್ನುವುದಕ್ಕಿಂತ ನಿಮ್ಮ ಆಂಪ್ಲಿಫೈಯರ್ ಹೇಗೆ ಏಳುತ್ತದೆ, ಹೇಗೆ ಮಲಗುತ್ತದೆ ಎಂದು ತಿಳಿಯುವುದೇ ಇಲ್ಲಿ ಮುಖ್ಯ ಕೆಲಸ. ಅದರ ಜೊತೆಗೆ ನಮ್ಮ ಕಡೆಯ ಕರೆಂಟಿನ ಸ್ವಭಾವವೂ ಗೊತ್ತಿರಬೇಕು. ನಾನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

ಕೊಳ್ಳುವ ಮುಂಚೆ ಗೋಡೆ ಸ್ವಿಚ್ಚಿನಲ್ಲಿ ಪರೀಕ್ಷೆ ಮಾಡಿ

ಆಂಪ್ಲಿಫೈಯರ್ ಆನ್ ಮಾಡಿ, ವಾಲ್ಯೂಮ್ ಕಡಿಮೆ ಇಟ್ಟು ಯಾವುದಾದರೂ ಹಾಡು ಹಾಕಿ. ಈಗ ಆಂಪ್ಲಿಫೈಯರ್ ಮುಟ್ಟದೆ ಗೋಡೆಯ ಸ್ವಿಚ್ ಆಫ್ ಮಾಡಿ. ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ.

ಹಾಡು ತಾನಾಗಿ ಮತ್ತೆ ಶುರುವಾದರೆ, ಅಥವಾ ಕನಿಷ್ಠ ಆಂಪ್ಲಿಫೈಯರಿನ ದೀಪ ಹತ್ತಿ ಅದು ಕೆಲಸಕ್ಕೆ ತಯಾರಾದರೆ, ನಿಮ್ಮದು ಒತ್ತಿದರೆ ಒತ್ತಿದ ಹಾಗೇ ನಿಲ್ಲುವ ಹಳೇ ಬಗೆಯ ಸ್ವಿಚ್ಚು. ಸ್ಮಾರ್ಟ್ ಪ್ಲಗ್ ಇದಕ್ಕೆ ನೇರವಾಗಿ ಹೊಂದುತ್ತದೆ. ಹಾಗಾಗದೆ ಸ್ಟ್ಯಾಂಡ್‌ಬೈ ದೀಪ ಮಾತ್ರ ಉರಿದು ಮುಂದೆ ಏನೂ ಆಗದಿದ್ದರೆ, ಅದು ರಿಮೋಟಿನ ಗುಂಡಿಗೆ ಕಾಯುವ ಯಂತ್ರ. ಟಿ.ವಿ., ಸಿನಿಮಾ ಶಬ್ದಕ್ಕೆ ಬಳಸುವ ಇಂದಿನ ಎ.ವಿ. ರಿಸೀವರ್‌ಗಳಲ್ಲಿ ಬಹುಪಾಲು ಹೀಗೇ ಇರುತ್ತವೆ. ಪ್ಲಗ್ ಅದಕ್ಕೆ ಕರೆಂಟು ಕೊಡಬಲ್ಲದು, ಎಬ್ಬಿಸಲಾರದು. ಅಂಥವುಗಳಿಗೆ ಬೇರೆ ದಾರಿ ಇದೆ, ಕೆಳಗೆ ಹೇಳಿದ್ದೇನೆ.

ಇದೇ ಪರೀಕ್ಷೆಯಲ್ಲಿ ಕಿವಿಯನ್ನೂ ಇಟ್ಟಿರಿ. ಆನ್ ಆದಾಗ ಸ್ಪೀಕರಿನಲ್ಲಿ ‘ಧಡ್’ ಎನ್ನುತ್ತದೆಯೋ, ಅಥವಾ ಎರಡು ಮೂರು ಸೆಕೆಂಡು ಬಿಟ್ಟು ಒಳಗೊಂದು ‘ಟಕ್’ ಕೇಳಿ ಆಮೇಲೆ ಶಬ್ದ ಬರುತ್ತದೆಯೋ? ಆ ‘ಟಕ್’ ಸ್ಪೀಕರ್ ಪ್ರೊಟೆಕ್ಷನ್ ರಿಲೇಯದು, ರಿಲೇ ಎಂದರೆ ಕರೆಂಟಿನಿಂದಲೇ ಆನ್, ಆಫ್ ಆಗುವ ಪುಟ್ಟ ಸ್ವಿಚ್ಚು. ಒಳಗಿನ ವೋಲ್ಟೇಜು ನೆಲೆಗೊಳ್ಳುವ ತನಕ ಅದು ಸ್ಪೀಕರನ್ನು ಸೇರಿಸುವುದಿಲ್ಲ. ಅದಿದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ದಿನಾ ಎರಡು ಸಲ ಸ್ಪೀಕರಿನ ಕೋನಿಗೆ ಏಟು ಬೀಳುತ್ತಿರುತ್ತದೆ. ಪ್ರೊಟೆಕ್ಷನ್ ಬೋರ್ಡು ಬಿಡಿಯಾಗಿ ಸಿಗುತ್ತದೆ, ಆಂಪ್ಲಿಫೈಯರ್ ಬಿಚ್ಚಬಲ್ಲ ಮೆಕ್ಯಾನಿಕ್ ಹತ್ತಿರ ಮೊದಲು ಅದನ್ನು ಹಾಕಿಸಿಕೊಳ್ಳಿ.

10 ಆಂಪ್ಸ್, 16 ಆಂಪ್ಸ್ ಎಂಬ ಬರಹದ ಅರ್ಥ

ಪ್ಲಗ್ಗಿನ ಪೆಟ್ಟಿಗೆಯ ಮೇಲೆ 10 ಆಂಪ್ಸ್ ಎಂದಿದ್ದರೆ 230 ವೋಲ್ಟಿನಲ್ಲಿ 2300 ವ್ಯಾಟ್. ನಮ್ಮ ಆಂಪ್ಲಿಫೈಯರ್ ಜೋರಾಗಿ ಹಾಡಿದರೂ 200 ವ್ಯಾಟ್ ಎಳೆಯುವುದಿಲ್ಲ. ಇಷ್ಟೊಂದು ಅಂತರ ಇರುವಾಗ ಯೋಚನೆ ಯಾಕೆ ಎಂದು ನನಗೂ ಅನ್ನಿಸಿತ್ತು.

ಮೊದಲ ಪ್ಲಗ್ಗು ಎರಡನೇ ತಿಂಗಳಲ್ಲಿ ಕೈಕೊಟ್ಟಿತು. ರಾತ್ರಿ ಊಟ ಮುಗಿಸಿ ಫೋನಿನಲ್ಲಿ ಆಫ್ ಒತ್ತಿದೆ. ಆ್ಯಪ್ ‘ಆಫ್’ ಎಂದು ತೋರಿಸಿತು. ಷೋಕೇಸಿನ ಮೇಲೆ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು. ಮತ್ತೆ ಆನ್, ಮತ್ತೆ ಆಫ್. ದೀಪ ಕದಲಲಿಲ್ಲ. ಮಾರನೆಯ ದಿನ ಪ್ಲಗ್ಗನ್ನೂ ಆಂಪ್ಲಿಫೈಯರನ್ನೂ ಚೀಲದಲ್ಲಿ ಹಾಕಿಕೊಂಡು ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಪ್ಲಗ್ಗಿನ ರಿಲೇಯನ್ನು ಕಿತ್ತು, ಅದರ ಪ್ಲಾಸ್ಟಿಕ್ ಟೊಪ್ಪಿಯನ್ನು ಬ್ಲೇಡಿನಿಂದ ಸೀಳಿ ಬೆಳಕಿಗೆ ಹಿಡಿದರು. ಒಳಗೆ ಕೊತ್ತಂಬರಿ ಬೀಜದಷ್ಟು ದಪ್ಪದ ಎರಡು ಲೋಹದ ಬೊಟ್ಟುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು, ಸುತ್ತ ಮಸಿ. ಬ್ಲೇಡಿನ ತುದಿ ಹಾಕಿ ಮೀಟಿದಾಗ ‘ಪಟ್’ ಎಂದು ಬಿಟ್ಟುಕೊಂಡವು.

“ವೆಲ್ಡಿಂಗ್ ಆಗ್‌ಬಿಟ್ಟೈತೆ ಸಾರ್. ನಿಮ್ಮ ಟ್ರಾನ್ಸ್‌ಫಾರ್ಮರ್ ಆನ್ ಮಾಡಿದ್ ಏಟಿಗೆ ಎಷ್ಟು ಎಳೀತೈತೆ ನೋಡಿ ಬೇಕಾದ್ರೆ,” ಎಂದು ಆಂಪ್ಲಿಫೈಯರನ್ನು ತಮ್ಮ ಸೀರೀಸ್ ಬೋರ್ಡಿಗೆ ಹಾಕಿದರು. ಸೀರೀಸ್ ಬೋರ್ಡ್ ಎಂದರೆ ಕರೆಂಟು ಒಂದು ಹಳೇ ಫಿಲಮೆಂಟ್ ಬಲ್ಬಿನ ಮೂಲಕ ಹಾದು ಹೋಗುವಂತೆ ಮಾಡಿದ ಏರ್ಪಾಡು. ಸ್ವಿಚ್ ಹಾಕಿದ ಕ್ಷಣ ಬಲ್ಬು ಝಗ್ಗನೆ ಪೂರ್ತಿ ಉರಿಯಿತು. ಮರುಗಳಿಗೆಗೆ ಇಳಿದು, ತಂತಿ ಮಾತ್ರ ಕೆಂಪಗೆ ಕಾಣುವಷ್ಟಾಯಿತು. ಆ ಮೊದಲ ಝಗ್ಗೇ ಸಮಸ್ಯೆ.

ಆಗುವುದು ಇಷ್ಟು. ಟ್ರಾನ್ಸ್‌ಫಾರ್ಮರಿಗೆ ಕರೆಂಟು ಬೀಳುವ ಗಳಿಗೆ ಸರಿಯಿಲ್ಲದಿದ್ದರೆ ಅದರ ಕೋರು, ಅಂದರೆ ಸುರುಳಿಯ ಒಳಗಿನ ಕಬ್ಬಿಣದ ತಿರುಳು, ಕಾಂತಶಕ್ತಿಯಿಂದ ತುಂಬಿ ಉಕ್ಕುತ್ತದೆ. ಆಗ ಸುರುಳಿ ಬರೀ ತಾಮ್ರದ ತಂತಿಯಂತೆ ವರ್ತಿಸಿ ಎಷ್ಟು ಬಂದರೂ ಎಳೆದುಕೊಳ್ಳುತ್ತದೆ. ಜೊತೆಗೆ ಚಾರ್ಜ್ ಕೂಡಿಟ್ಟುಕೊಳ್ಳುವ, ಆಗಿನ್ನೂ ಖಾಲಿ ಇರುವ ದಪ್ಪ ದಪ್ಪ ಫಿಲ್ಟರ್ ಕೆಪಾಸಿಟರ್‌ಗಳು ಒಂದೇ ಗುಟುಕಿಗೆ ತುಂಬಿಕೊಳ್ಳಲು ನೋಡುತ್ತವೆ. 50 ಹರ್ಟ್ಜ್ ಕರೆಂಟಿನಲ್ಲಿ ಅರ್ಧ ಸೈಕಲ್ ಎಂದರೆ 10 ಮಿಲಿಸೆಕೆಂಡ್. ಅಷ್ಟರಲ್ಲಿ, ಮಾಮೂಲಿಗೆ 2 ಆಂಪ್ಸ್ ಎಳೆಯುವ ಯಂತ್ರ ಹತ್ತಾರು ಆಂಪ್ಸ್ ಎಳೆದುಬಿಡಬಹುದು. ಕಡಗದಂತೆ ದುಂಡಗಿರುವ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಇದು ಇನ್ನೂ ಜೋರು. ರಿಲೇಯ ಬೊಟ್ಟುಗಳು ಕೂಡುವಾಗ ಸಣ್ಣಗೆ ಪುಟಿಯುತ್ತವೆ, ಆ ಪುಟಿತದಲ್ಲಿ ಕಿಡಿ ಹಾರಿ ಲೋಹ ಕರಗಿ ಅಂಟಿಕೊಳ್ಳುತ್ತದೆ. ಪೆಟ್ಟಿಗೆ ಮೇಲಿನ ಆಂಪ್ಸ್ ಲೆಕ್ಕ ಇಸ್ತ್ರಿಪೆಟ್ಟಿಗೆ, ಗೀಸರ್‌ನಂಥ ಸಮಾಧಾನದ ಲೋಡಿಗೆ ಹೇಳಿದ್ದು.

ಆದ್ದರಿಂದ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್‌ಗೆ, ವ್ಯಾಟ್ ಎಷ್ಟೇ ಕಡಿಮೆ ಇರಲಿ, 16 ಆಂಪ್ಸ್ ಪ್ಲಗ್ಗನ್ನೇ ತನ್ನಿ. ಅದರ ಪಿನ್ನುಗಳು ದಪ್ಪ, ಹಾಗಾಗಿ ಗೋಡೆಯಲ್ಲಿ ಪವರ್ ಪಾಯಿಂಟ್ ಬೇಕು. ಷೋಕೇಸಿನ ಹತ್ತಿರ 6 ಆಂಪ್ಸ್ ಪಾಯಿಂಟ್ ಮಾತ್ರ ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಬದಲಾಯಿಸಿ. ದಪ್ಪ ಪಿನ್ನನ್ನು ಸಣ್ಣ ಪಾಯಿಂಟಿಗೆ ಕೂರಿಸುವ ಕನ್ವರ್ಟರ್ ದಯವಿಟ್ಟು ಬೇಡ. ಅಂಗೈಯಷ್ಟಿರುವ ಕ್ಲಾಸ್ ಡಿ ಆಂಪ್ಲಿಫೈಯರ್‌ಗಳು ಅಡಾಪ್ಟರಿನಲ್ಲಿ ನಡೆಯುತ್ತವೆ, ಅವಕ್ಕೆ 10 ಆಂಪ್ಸಿನದು ಸಾಕು.

ಕರೆಂಟ್ ಎಷ್ಟು ಎಳೆಯುತ್ತಿದೆ ಎಂದು ವ್ಯಾಟ್‌ನಲ್ಲಿ ತೋರಿಸುವ ಪ್ಲಗ್ಗಿಗೆ ಸ್ವಲ್ಪ ಹೆಚ್ಚು ದುಡ್ಡು. ಕೊಡಿ. ಆ್ಯಪ್ ‘ಆಫ್’ ಎಂದು ಹೇಳುತ್ತಾ 38 ವ್ಯಾಟ್ ತೋರಿಸಿದರೆ ರಿಲೇ ಅಂಟಿಕೊಂಡಿದೆ ಎಂದು ನೀವು ಕೂತಲ್ಲೇ ತಿಳಿಯುತ್ತೀರಿ.

ಹಳೇ ಆಂಪ್ಲಿಫೈಯರ್‌ಗೆ ಸಾಫ್ಟ್ ಸ್ಟಾರ್ಟ್

16 ಆಂಪ್ಸ್ ಪ್ಲಗ್ ತಂದರೂ ಆ ಝಗ್ಗು ಇದ್ದೇ ಇರುತ್ತದೆ, ತಡೆದುಕೊಳ್ಳುವ ಶಕ್ತಿ ಮಾತ್ರ ಹೆಚ್ಚು. ಮೂಲದಲ್ಲೇ ಕಡಿಮೆ ಮಾಡಬೇಕೆಂದರೆ ಆಂಪ್ಲಿಫೈಯರ್ ಒಳಗೆ ಸಾಫ್ಟ್ ಸ್ಟಾರ್ಟ್ ಬೋರ್ಡು ಹಾಕಿಸಬೇಕು. ಟ್ರಾನ್ಸ್‌ಫಾರ್ಮರಿಗೆ ಹೋಗುವ ದಾರಿಯಲ್ಲಿ ಒಂದು ದಪ್ಪ ರೆಸಿಸ್ಟರ್ ಅಥವಾ ಎನ್‌ಟಿಸಿ ಥರ್ಮಿಸ್ಟರ್ ಅಡ್ಡ ನಿಂತು ಮೊದಲ ಏಟನ್ನು ತಡೆಯುತ್ತದೆ. ಅರೆಕ್ಷಣ ಬಿಟ್ಟು ಬೋರ್ಡಿನ ರಿಲೇ ಅದನ್ನು ಬದಿಗೆ ಸರಿಸಿ ಪೂರ್ತಿ ಕರೆಂಟು ಬಿಡುತ್ತದೆ. ನಮ್ಮದಕ್ಕೆ ಮೆಕ್ಯಾನಿಕ್ ಅದನ್ನೇ ಹಾಕಿಕೊಟ್ಟರು. ಆಮೇಲೆ ಅದೇ ಸೀರೀಸ್ ಬೋರ್ಡಿನಲ್ಲಿ ಬಲ್ಬಿನ ಮೊದಲ ಝಗ್ಗು ಹಿಂದಿನಷ್ಟು ಇರಲಿಲ್ಲ.

ಒಂದು ಎಚ್ಚರಿಕೆ. ಥರ್ಮಿಸ್ಟರ್ ತಣ್ಣಗಿದ್ದಾಗ ಮಾತ್ರ ಕರೆಂಟನ್ನು ತಡೆಯುತ್ತದೆ. ಅದಕ್ಕೆ ಬೈಪಾಸ್ ರಿಲೇ ಇಲ್ಲದೆ ಬರೀ ಥರ್ಮಿಸ್ಟರ್ ಹಾಕಿದ್ದರೆ, ಆಫ್ ಮಾಡಿದ ತಕ್ಷಣ ಆನ್ ಮಾಡಬೇಡಿ. ಒಂದೆರಡು ನಿಮಿಷ ಬಿಡಿ, ತಣಿಯಲಿ.

ಈ ಕೆಲಸಕ್ಕೆ ನೀವೇ ಕವಚ ಬಿಚ್ಚಲು ಹೋಗಬೇಡಿ. ಪಿನ್ ಎಳೆದ ಮೇಲೂ ಆ ಕೆಪಾಸಿಟರ್‌ಗಳಲ್ಲಿ ಸಾಕಷ್ಟು ಹೊತ್ತು ಚಾರ್ಜ್ ಉಳಿದಿರುತ್ತದೆ.

ಪಾಯಿಂಟ್ ನೋಡಿಕೊಳ್ಳಿ

ಪಾಯಿಂಟಿಗೆ ಎದುರಾಗಿ ನಿಂತರೆ ಮೇಲಿನ ದಪ್ಪ ತೂತು ಅರ್ತ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್ ಆಗಿರಬೇಕು. ಟೆಸ್ಟರ್ ಬಲಗಡೆ ಮಾತ್ರ ಉರಿಯಬೇಕು. ಸ್ಮಾರ್ಟ್ ಪ್ಲಗ್ಗುಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ರಿಲೇ, ಅದು ಒಂದೇ ತಂತಿಯನ್ನು ಕತ್ತರಿಸುತ್ತದೆ. ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿದ್ದರೆ ಪ್ಲಗ್ ಆಫ್ ಆಗಿದ್ದರೂ ಆಂಪ್ಲಿಫೈಯರ್ ಒಳಗೆ 230 ವೋಲ್ಟ್ ಕಾದು ಕೂತಿರುತ್ತದೆ. ಹಳೇ ಮನೆಗಳಲ್ಲಿ ಈ ಅದಲು ಬದಲು ಅಪರೂಪವೇನಲ್ಲ, ನಮ್ಮ ಹಾಲ್‌ನಲ್ಲೇ ಒಂದು ಪಾಯಿಂಟ್ ಹಾಗಿತ್ತು.

ಹಮ್ಮಿಂಗ್ ಬರುತ್ತದೆ ಎಂದು ಕೆಲವರು ಅರ್ತ್ ಪಿನ್ ಕತ್ತರಿಸುತ್ತಾರೆ. ಕಬ್ಬಿಣದ ಕವಚದ ಯಂತ್ರಕ್ಕೆ ಅರ್ತ್ ತೆಗೆಯುವುದು ಪ್ರಾಣದ ವಿಷಯ. ಟಿ.ವಿ., ಸೆಟ್‌ಟಾಪ್ ಬಾಕ್ಸು, ಆಂಪ್ಲಿಫೈಯರ್ ಎಲ್ಲಕ್ಕೂ ಒಂದೇ ಕಡೆಯ ಪಾಯಿಂಟಿನಿಂದ ಕರೆಂಟು ಕೊಟ್ಟು ನೋಡಿ, ಎಷ್ಟೋ ಸಲ ಅಷ್ಟಕ್ಕೇ ಹಮ್ಮಿಂಗ್ ತಗ್ಗುತ್ತದೆ. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿ ಬಿರುಕು ಬಿಟ್ಟಿರುತ್ತದೆ. ಅದಕ್ಕೆ ಆಗಾಗ ಎರಡು ಬಿಂದಿಗೆ ನೀರು ಹಾಕುವುದನ್ನು ಮರೆಯಬೇಡಿ.

ವೈ-ಫೈಗೆ ಸೇರಿಸುವುದು

ಮೊದಲ ದಿನ ಪ್ಲಗ್ಗಿಗೆ ಆಂಪ್ಲಿಫೈಯರ್ ಸಿಕ್ಕಿಸಬೇಡಿ, ಟೇಬಲ್ ಲ್ಯಾಂಪ್ ಸಿಕ್ಕಿಸಿ. ಆ್ಯಪ್ ಹಾಕಿಕೊಂಡು, ಪ್ಲಗ್ಗಿನ ಗುಂಡಿಯನ್ನು ಐದಾರು ಸೆಕೆಂಡು ಒತ್ತಿ ಹಿಡಿದರೆ ದೀಪ ಪಟಪಟ ಮಿನುಗುತ್ತದೆ, ಆಗ ಆ್ಯಪ್ ಹೇಳಿದಂತೆ ಮಾಡಿದರೆ ಸೇರಿಕೊಳ್ಳುತ್ತದೆ. ಸೇರಲಿಲ್ಲವೆಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ: ಈ ಪ್ಲಗ್ಗುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಜ್ ವೈ-ಫೈಯನ್ನು ಮಾತ್ರ ಹಿಡಿಯುತ್ತವೆ, ನಿಮ್ಮ ಫೋನ್ 5 ಗಿಗಾಹರ್ಟ್ಜ್‌ನಲ್ಲಿ ಇರುತ್ತದೆ. ರೂಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು ಫೋನನ್ನು 2.4ಕ್ಕೆ ತಂದು ಮತ್ತೆ ಪ್ರಯತ್ನಿಸಿ.

ಕರೆಂಟ್ ಹೋಗಿ ಬಂದಾಗ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಪ್ಲಗ್ ಹಾಕಿದ ಮೊದಲ ಬೇಸಿಗೆ. ಸಂಜೆ ರೇಡಿಯೋ ಕೇಳುತ್ತಿದ್ದಾಗ ಮಳೆಗಾಳಿಗೆ ಕರೆಂಟ್ ಹೋಯಿತು. ಎಲ್ಲರೂ ಮಲಗಿದೆವು. ರಾತ್ರಿ ಎರಡು ಗಂಟೆ ಹೊತ್ತಿಗೆ ಕರೆಂಟ್ ಬಂತು. ಹಾಲ್‌ನಲ್ಲಿ ‘ಧಡ್’ ಎಂದಿತು, ಅದರ ಹಿಂದೆಯೇ ‘ಗೊರ್ರ್’ ಎಂದು ಮನೆ ತುಂಬಿಕೊಂಡಿತು. ಆ ಹೊತ್ತಿಗೆ ಮೀಡಿಯಂ ವೇವ್‌ನಲ್ಲಿ ಕಾರ್ಯಕ್ರಮ ಇರಲಿಲ್ಲ, ಬರೀ ಗೊರಗೊರ. “ಏನೋ ಅದು, ಯಾರೋ ಬಾಗ್ಲು ಒದ್ದಂಗಾಯ್ತಲ್ಲೋ!” ಎಂದು ಅಮ್ಮ ಎದ್ದು ಕೂತರು, ಮೈ ನಡುಗುತ್ತಿತ್ತು. ಅವತ್ತು ಅಪ್ಪ ಕತ್ತಲಲ್ಲಿ ಮತ್ತೆ ಅದೇ ಸ್ಟೂಲ್ ಹತ್ತಿದರು.

ಕಾರಣ, ಪ್ಲಗ್ಗು ಕರೆಂಟ್ ಬಂದ ಕೂಡಲೇ ‘ಹಿಂದೆ ಹೇಗಿದ್ದೆನೋ ಹಾಗೆ’ ಎಂಬ ಸ್ಥಿತಿಗೆ ಹೋಯಿತು. ಹಿಂದೆ ಆನ್ ಇತ್ತು, ಆನ್ ಆಯಿತು. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಇದಕ್ಕೆ ‘ಪವರ್ ಆನ್ ಸ್ಟೇಟ್’ ಅಥವಾ ‘ರಿಲೇ ಸ್ಟೇಟಸ್’ ಎಂಬಂಥ ಹೆಸರಿರುತ್ತದೆ. ಸಾಮಾನ್ಯವಾಗಿ ಮೂರು ಆಯ್ಕೆ: ಆನ್, ಆಫ್, ಹಿಂದಿನ ಸ್ಥಿತಿ. ಆಂಪ್ಲಿಫೈಯರ್‌ಗೆ ‘ಆಫ್’ ಒಂದೇ ಸರಿ. ಪ್ಲಗ್ಗಿಗೆ ಕಂಪನಿಯದರ ಬದಲು ಟಾಸ್ಮೋಟಾ ಎಂಬ ಸಾಫ್ಟ್‌ವೇರ್ ಹಾಕಿಕೊಂಡವರು ಪವರ್‌ಆನ್‌ಸ್ಟೇಟ್ 0 ಎಂದು ಕೊಡಬೇಕು, ಅದು ತಾನಾಗಿ ಇರುವುದು 3, ಅಂದರೆ ಹಿಂದಿನ ಸ್ಥಿತಿ.

ನಿದ್ದೆ ಕೆಡುವುದಷ್ಟೇ ಅಲ್ಲ ವಿಷಯ. ಬೆಸ್ಕಾಂ ಲೈನಿನಲ್ಲಿ ಕರೆಂಟ್ ವಾಪಸ್ ಬರುವಾಗ ಒಂದೇ ಸಲ ನೆಟ್ಟಗೆ ಬಂದು ನಿಲ್ಲುವುದಿಲ್ಲ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಬೀದಿಯ ಫ್ರಿಜ್ಜು, ಮೋಟಾರುಗಳೆಲ್ಲ ಒಟ್ಟಿಗೆ ಎದ್ದು ವೋಲ್ಟೇಜು ಏರಿಳಿಯುತ್ತದೆ. ಪ್ರತಿ ಸಲವೂ ಆಂಪ್ಲಿಫೈಯರ್ ಆ ದೊಡ್ಡ ಗುಟುಕು ಎಳೆಯುತ್ತದೆ, ರಿಲೇ ಪ್ರತಿ ಸಲವೂ ಕಿಡಿ ತಿನ್ನುತ್ತದೆ. ‘ಆಫ್’ ಇಟ್ಟರೆ ಈ ಗಲಾಟೆಯೆಲ್ಲ ಮುಗಿಯುವ ತನಕ ಆಂಪ್ಲಿಫೈಯರ್ ಸುಮ್ಮನೆ ಮಲಗಿರುತ್ತದೆ. ಗುಬ್ಬಿ, ತುರುವೇಕೆರೆ ಕಡೆ ತೋಟದ ಮನೆಗಳಲ್ಲಿರುವವರಿಗೆ, ಬೋರ್‌ವೆಲ್ ಮೋಟಾರುಗಳ ಲೈನಿನಲ್ಲೇ ಮನೆಯೂ ಇದ್ದರೆ, ಇದು ಇನ್ನೂ ಮುಖ್ಯ.

ಸೆಟ್ಟಿಂಗ್ ಮಾಡಿದ ಮೇಲೆ ನಂಬಿ ಬಿಡಬೇಡಿ. ಟೇಬಲ್ ಲ್ಯಾಂಪ್ ಉರಿಯುತ್ತಿರುವಾಗಲೇ ಗೋಡೆ ಸ್ವಿಚ್ ಆಫ್ ಮಾಡಿ, ಹತ್ತು ಸೆಕೆಂಡು ಬಿಟ್ಟು ಹಾಕಿ. ದೀಪ ಹತ್ತಬಾರದು. ಆ್ಯಪ್‌ನಲ್ಲಿ ಲ್ಯಾಂಪ್ ಮತ್ತೆ ಆನ್ ಮಾಡಿ, ಇನ್ನೊಂದು ಸಲ ಗೋಡೆ ಸ್ವಿಚ್ ಆಫ್ ಮಾಡಿ ಒಂದೇ ಸೆಕೆಂಡಿಗೆ ಹಾಕಿ ನೋಡಿ, ಆಗಲೂ ಹತ್ತಬಾರದು. ಆ್ಯಪ್‌ನಲ್ಲಿ ಈ ಆಯ್ಕೆಯೇ ಇಲ್ಲದ ಪ್ಲಗ್ಗುಗಳೂ ಇವೆ. ಅಂಥದ್ದನ್ನು ವಾಪಸ್ ಕೊಟ್ಟು ಬೇರೆ ತನ್ನಿ, ಆಂಪ್ಲಿಫೈಯರ್‌ಗೆ ಅದು ಲಾಯಕ್ಕಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ಎಲ್ಲವೂ ಒಂದೇ ಡಬ್ಬದಲ್ಲಿದ್ದರೆ ಈ ಭಾಗ ಬಿಟ್ಟುಬಿಡಿ. ಪ್ರೀ-ಆಂಪ್ಲಿಫೈಯರ್, ಮಿಕ್ಸರ್, ಟ್ಯೂನರ್ ಬೇರೆ, ಪವರ್ ಆಂಪ್ಲಿಫೈಯರ್ ಬೇರೆ ಇಟ್ಟುಕೊಂಡವರು ಎರಡು ಪ್ಲಗ್ ತೆಗೆದುಕೊಳ್ಳಿ. ಆನ್ ಮಾಡುವಾಗ ಟ್ಯೂನರ್, ಮಿಕ್ಸರ್ ಮೊದಲು ಏಳಬೇಕು, ಪವರ್ ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ಪವರ್ ಆಂಪ್ಲಿಫೈಯರ್ ಮೊದಲು ಮಲಗಬೇಕು. ಹಿಂದಿನ ಯಂತ್ರಗಳು ಏಳುವಾಗ ಬೀಳುವಾಗ ಮಾಡುವ ಟಪ್ ಟಪ್ ಸದ್ದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸಲು ಆಗ ಯಾರೂ ಎಚ್ಚರ ಇರುವುದಿಲ್ಲ. ಮೈಕ್ ಸೆಟ್‌ನವರಿಗೆ ಇದು ಕೈಯಲ್ಲೇ ಇರುವ ಪಾಠ.

ಆ್ಯಪ್‌ನಲ್ಲಿ ‘ಸೀನ್’ ಎಂಬುದೊಂದಿದೆ. ಅದರಲ್ಲಿ ‘ಟ್ಯೂನರ್ ಆನ್, 8 ಸೆಕೆಂಡು ಕಾಯು, ಆಂಪ್ಲಿ ಆನ್’ ಎಂದು ಬರೆದಿಡಿ. ಇನ್ನೊಂದರಲ್ಲಿ ‘ಆಂಪ್ಲಿ ಆಫ್, 15 ಸೆಕೆಂಡು ಕಾಯು, ಟ್ಯೂನರ್ ಆಫ್’. ಆಫ್ ಮಾಡುವಾಗ ಹೆಚ್ಚು ಕಾಯಿಸುವುದು ಯಾಕೆಂದರೆ, ಕರೆಂಟು ಕತ್ತರಿಸಿದ ಮೇಲೂ ಕೆಪಾಸಿಟರಿನಲ್ಲಿ ಉಳಿದದ್ದರಿಂದ ಆಂಪ್ಲಿಫೈಯರ್ ಸ್ವಲ್ಪ ಹೊತ್ತು ಹಾಡುತ್ತಲೇ ಇರುತ್ತದೆ. ನಿಮ್ಮದು ಎಷ್ಟು ಹೊತ್ತು ಹಾಡುತ್ತದೆ ಎಂದು ಕೇಳಿಸಿಕೊಂಡು ಅದಕ್ಕಿಂತ ನಾಲ್ಕು ಸೆಕೆಂಡು ಹೆಚ್ಚಿಡಿ.

ವಾಲ್ಯೂಮ್ ತಿರುಗಿಸುವ ಗುಂಡಿ ಎಲ್ಲಿತ್ತೋ ಅಲ್ಲೇ ಇರುತ್ತದೆ ಎನ್ನುವುದು ಮರೆತುಹೋಗುತ್ತದೆ. ಹಿಂದಿನ ದಿನ ಮಕ್ಕಳು ಜೋರಾಗಿಟ್ಟಿದ್ದರೆ ಬೆಳಿಗ್ಗೆಯ ಚಿಂತನ ಬೀದಿಗೆಲ್ಲ ಕೇಳುತ್ತದೆ. ಆಫ್ ಮಾಡುವ ಮುಂಚೆ ಇಳಿಸುವ ರೂಢಿ ಮನೆಯವರಿಗೆಲ್ಲ ಬರಲಿ.

ತಾನಾಗಿ ಆಫ್ ಆಗುವುದು, ಯೂನಿಟ್ ಲೆಕ್ಕ

ನಮ್ಮ ಆಂಪ್ಲಿಫೈಯರ್ ಏನೂ ಹಾಡದೆ ಸುಮ್ಮನೆ ಆನ್ ಇದ್ದಾಗ ಪ್ಲಗ್ಗು ತೋರಿಸಿದ್ದು 38 ವ್ಯಾಟ್. ಇಡೀ ತಿಂಗಳು ಹಾಗೇ ಬಿಟ್ಟರೆ 27 ಯೂನಿಟ್ ಆಗುತ್ತದೆ. ದಿನಕ್ಕೆ ಮೂರು ಗಂಟೆ ಮಾತ್ರ ಇಟ್ಟರೆ ಮೂರೂವರೆ ಯೂನಿಟ್ ಒಳಗೇ. ಗೃಹಜ್ಯೋತಿಯಲ್ಲಿರುವ ಮನೆಗಳಿಗೆ ಈ ಲೆಕ್ಕ ಮುಖ್ಯ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ, ಬೇಸಿಗೆಯಲ್ಲಿ ಫ್ಯಾನು, ಕೂಲರಿನ ಮೇಲೆ ಇದೊಂದು 27 ಸೇರಿದರೆ ಗಡಿ ದಾಟಿಸಲು ಸಾಕು. ಪ್ಲಗ್ ತಾನೇ ತಿನ್ನುವುದು ಒಂದು ವ್ಯಾಟ್ ಆಸುಪಾಸು, ತಿಂಗಳಿಗೆ ಮುಕ್ಕಾಲು ಯೂನಿಟ್ಟಿನಷ್ಟು.

ಹಾಡು ನಿಂತಿದ್ದನ್ನು ವ್ಯಾಟ್ ನೋಡಿ ಕಂಡುಹಿಡಿದು ತಾನಾಗಿ ಆಫ್ ಮಾಡಿಸಬಹುದೆಂದು ನಾನು ಪ್ರಯತ್ನಿಸಿದೆ. ಆಗಲಿಲ್ಲ. ಸುಮ್ಮನಿದ್ದಾಗ 38, ಮನೆಮಂದಿ ಕೇಳುವ ಮಟ್ಟದಲ್ಲಿ ಹಾಡಿದಾಗ 42, 44. ಈ ಬಗೆಯ ಕ್ಲಾಸ್ ಎಬಿ ಆಂಪ್ಲಿಫೈಯರ್‌ಗಳಲ್ಲಿ ಅಂತರ ಇಷ್ಟು ಸಣ್ಣದಿರುತ್ತದೆ, ಹಾಡಿನ ಮೆಲುದನಿಯ ಜಾಗದಲ್ಲಿ ಆಂಪ್ಲಿಫೈಯರ್ ಆಫ್ ಆಗಿಬಿಡುತ್ತದೆ. ಟಿ.ವಿ. ಜೊತೆ ಬಳಸುವವರಿಗೆ ಒಳ್ಳೆ ಉಪಾಯ ಇದೆ. ವ್ಯಾಟ್ ತೋರಿಸುವ ಪ್ಲಗ್ಗನ್ನು ಟಿ.ವಿ.ಗೆ ಹಾಕಿ. ಟಿ.ವಿ. ಆನ್ ಇದ್ದಾಗಿನ ವ್ಯಾಟಿಗೂ ಸ್ಟ್ಯಾಂಡ್‌ಬೈ ವ್ಯಾಟಿಗೂ ಅಜಗಜಾಂತರ. ‘ಟಿ.ವಿ. 30 ವ್ಯಾಟಿಗಿಂತ ಮೇಲೆ ಹೋದರೆ ಆಂಪ್ಲಿ ಆನ್, 10ಕ್ಕಿಂತ ಕೆಳಗಿಳಿದು ಐದು ನಿಮಿಷವಾದರೆ ಆಂಪ್ಲಿ ಆಫ್’ ಎಂದು ಬರೆದರೆ ಯಾರೂ ಫೋನ್ ಮುಟ್ಟುವುದೇ ಬೇಡ. ರೇಡಿಯೋಗೆ ಮಾತ್ರ ಬಳಸುವ ನಮ್ಮಂಥವರಿಗೆ ಮೂರು ಗಂಟೆಯ ಟೈಮರೇ ಸಾಕು.

ಮೀಡಿಯಂ ವೇವ್ ಕೇಳುವವರಿಗೆ ಇನ್ನೊಂದು ಮಾತು. ಪ್ಲಗ್ ಒಳಗಿನ ಪುಟ್ಟ ಪವರ್ ಸಪ್ಲೈ ಸಣ್ಣ ಗದ್ದಲ ಹರಡಬಲ್ಲದು. 612 ಕಿಲೋಹರ್ಟ್ಜ್‌ನ ಬೆಂಗಳೂರು ಕೇಂದ್ರದ ಮೇಲೆ ಹೊಸದಾಗಿ ಝೇಂಕಾರ ಸೇರಿಕೊಂಡರೆ ರೇಡಿಯೋವನ್ನು ಪ್ಲಗ್ಗಿನಿಂದ ಎರಡು ಮೊಳ ದೂರ ಸರಿಸಿ, ಸ್ವಲ್ಪ ತಿರುಗಿಸಿ ನೋಡಿ.

ಸ್ಟ್ಯಾಂಡ್‌ಬೈನಲ್ಲಿ ಕೂರುವ ಆಂಪ್ಲಿಫೈಯರ್‌ಗೆ

ಹಿಂದೆ 12 ವೋಲ್ಟ್ ಟ್ರಿಗರ್ ಎಂದು ಬರೆದ ಸಣ್ಣ ತೂತು ಇದೆಯೇ ನೋಡಿ. ಅದರಲ್ಲಿ ‘ಇನ್’ ಎಂದಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಆಂಪ್ಲಿಫೈಯರನ್ನು ನೇರವಾಗಿ ಗೋಡೆಗೆ ಹಾಕಿ. ಸ್ಮಾರ್ಟ್ ಪ್ಲಗ್ಗಿಗೆ ಒಂದು 12 ವೋಲ್ಟ್ ಡಿ.ಸಿ. ಅಡಾಪ್ಟರ್ ಹಾಕಿ, ಅದರ ತಂತಿಗೆ 3.5 ಎಂ.ಎಂ. ಮೋನೋ ಪಿನ್ ಬೆಸುಗೆ ಹಾಕಿಸಿ ಆ ತೂತಿಗೆ ಸಿಕ್ಕಿಸಿ. ಸಾಮಾನ್ಯವಾಗಿ ಪಿನ್ನಿನ ತುದಿ ಪ್ಲಸ್, ಆದರೂ ಮ್ಯಾನ್ಯುಯಲ್ ನೋಡಿ, ಮೀಟರ್ ಹಿಡಿದು ಖಾತ್ರಿ ಮಾಡಿಕೊಂಡ ಮೇಲೆ ಮಾತ್ರ ಸಿಕ್ಕಿಸಿ. ಪ್ಲಗ್ ಆನ್ ಆದರೆ 12 ವೋಲ್ಟ್ ಬರುತ್ತದೆ, ಆಂಪ್ಲಿಫೈಯರ್ ಕ್ರಮಬದ್ಧವಾಗಿ ಏಳುತ್ತದೆ. ರಿಲೇಯ ಮೇಲೆ ಹೊರೆ ಏನೇನೂ ಇಲ್ಲ, 10 ಆಂಪ್ಸ್ ಪ್ಲಗ್ಗೂ ವರ್ಷಗಟ್ಟಲೆ ಬಾಳುತ್ತದೆ. ದೊಡ್ಡ ಆಂಪ್ಲಿಫೈಯರ್‌ಗಳಿಗೆ ಇದಕ್ಕಿಂತ ಒಳ್ಳೆಯ ವಿಧಾನ ನಾನು ಕಂಡಿಲ್ಲ.

ಟ್ರಿಗರ್ ಇಲ್ಲದೆ ರಿಮೋಟ್ ಮಾತ್ರ ಇದ್ದರೆ ಪ್ಲಗ್ಗಿನ ಆಸೆ ಬಿಟ್ಟು ಐ.ಆರ್. ಬ್ಲಾಸ್ಟರ್ ತನ್ನಿ. ಅದು ನಿಮ್ಮ ರಿಮೋಟಿನ ಗುಂಡಿಗಳನ್ನು ಕಲಿತು ಫೋನಿನಿಂದ ಒತ್ತುತ್ತದೆ.

ಯುಪಿಎಸ್, ಗುಡುಗು, ಬಿಸಿ

ಮನೆಯ ಯುಪಿಎಸ್ ಲೈನಿಗೆ ದೊಡ್ಡ ಆಂಪ್ಲಿಫೈಯರ್ ಹಾಕಬೇಡಿ. ಆನ್ ಮಾಡಿದ ಗುಟುಕಿಗೇ ಓವರ್‌ಲೋಡ್ ಎಂದು ಅದು ಕೂಗಿ ನಿಲ್ಲಬಹುದು, ಸ್ಕ್ವೇರ್ ವೇವ್ ಯುಪಿಎಸ್ ಆದರಂತೂ ಟ್ರಾನ್ಸ್‌ಫಾರ್ಮರ್ ಜೇನುಗೂಡಿನಂತೆ ಗುಂಯ್‌ಗುಡುತ್ತದೆ. ರೂಟರ್ ಮಾತ್ರ ಯುಪಿಎಸ್‌ನಲ್ಲಿರಲಿ, ಕರೆಂಟ್ ಬಂದಾಗ ಪ್ಲಗ್ ಬೇಗ ಸಂಪರ್ಕಕ್ಕೆ ಸಿಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ದೇವರಾಯನದುರ್ಗದ ಕಡೆಯಿಂದ ಮೋಡ ಕಟ್ಟಿ ಗುಡುಗು ಶುರುವಾದರೆ, ಆ್ಯಪ್‌ನಲ್ಲಿ ಆಫ್ ಮಾಡಿ ಕೂರಬೇಡಿ. ರಿಲೇಯ ಬೊಟ್ಟುಗಳ ನಡುವಿನ ಸಂದು ಉಗುರಿನ ದಪ್ಪಕ್ಕಿಂತ ಹೆಚ್ಚೇನಿಲ್ಲ, ಅದೂ ಒಂದೇ ತಂತಿಯಲ್ಲಿ. ಸಿಡಿಲಿಗೆ ಅದೊಂದು ಅಡ್ಡಿಯೇ ಅಲ್ಲ. ಪಿನ್ನನ್ನು ಕೈಯಾರೆ ಎಳೆದಿಡಿ, ಕೇಬಲ್ಲು ಅಥವಾ ಡಿಷ್ ತಂತಿಯನ್ನೂ ಕಿತ್ತಿಡಿ.

ಮೊದಲ ವಾರ ಆಂಪ್ಲಿಫೈಯರ್ ಒಂದು ಗಂಟೆ ಹಾಡಿದ ಮೇಲೆ ಪ್ಲಗ್ಗಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಅಥವಾ ಪ್ಲಾಸ್ಟಿಕ್ ವಾಸನೆ ಬಂದರೆ ತಕ್ಷಣ ತೆಗೆಯಿರಿ. ಎಷ್ಟೋ ಸಲ ತಪ್ಪು ಗೋಡೆಯ ಸಡಿಲ ಪಾಯಿಂಟಿನದಾಗಿರುತ್ತದೆ.

ಪ್ಲಗ್ ಹಾಕಬಾರದವು

ಲ್ಯಾಂಪ್ ಇರುವ ಪ್ರೊಜೆಕ್ಟರಿನ ಕರೆಂಟನ್ನು ಏಕಾಏಕಿ ಕತ್ತರಿಸಬಾರದು, ಆಫ್ ಆದ ಮೇಲೂ ಅದರ ಫ್ಯಾನು ತಿರುಗಿ ಲ್ಯಾಂಪ್ ತಣಿಸಬೇಕು. ಹಾಡಿಗೆಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡವರೂ ಅದನ್ನು ಈ ಪ್ಲಗ್ಗಿಗೆ ಹಾಕಬೇಡಿ, ಬರೆಯುತ್ತಿರುವಾಗ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡುತ್ತದೆ.

ಇದನ್ನೆಲ್ಲ ನೋಡಿ ನಮ್ಮ ಬೀದಿಯ ದೇವಸ್ಥಾನದವರು ಬೆಳಿಗ್ಗೆ 5ಕ್ಕೆ ಸುಪ್ರಭಾತ ತಾನಾಗಿ ಹಾಕುವಂತೆ ಮಾಡಿಕೊಡು ಎಂದರು. ಮಾಡಿಕೊಟ್ಟೆ, ಆದರೆ ಟೈಮರನ್ನು 6ಕ್ಕೆ ಇಟ್ಟೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಕೇಳುವಂತೆ ಧ್ವನಿವರ್ಧಕ ಹಾಕುವಂತಿಲ್ಲ, ಹಗಲಿನಲ್ಲೂ ಅನುಮತಿ ಬೇಕು. ಅರ್ಚಕರು ಒಪ್ಪಿದರು. ಅಲ್ಲಿಯ ಪ್ಲಗ್ಗಿಗೂ ಕರೆಂಟ್ ಬಂದಾಗ ‘ಆಫ್’ ಎಂದೇ ಇಟ್ಟಿದ್ದೇನೆ, ಗುಡಿಯ ಆಂಪ್ಲಿಫೈಯರ್ ಮಧ್ಯರಾತ್ರಿ ಎದ್ದರೆ ಬೀದಿಯೇ ಏಳುತ್ತದೆ.

ನಮ್ಮ ಮನೆಯಲ್ಲಿ ಈಗ ಅಪ್ಪನ ಹಾಸಿಗೆ ಪಕ್ಕ ಗೋಡೆಗೆ ಒಂದು ವೈರ್‌ಲೆಸ್ ಗುಂಡಿ ಅಂಟಿಸಿದೆ. ಒಂದು ಸಲ ಒತ್ತಿದರೆ ಆನ್, ಎರಡು ಸಲ ಒತ್ತಿದರೆ ಆಫ್. ಅವರಿಗೆ ಆ್ಯಪ್ ಬೇಡ. ತಿಂಗಳಿಗೊಮ್ಮೆ ನಾನು ಆಫ್ ಒತ್ತಿ, ಷೋಕೇಸಿನ ಮೇಲಿನ ಕೆಂಪು ದೀಪ ನಿಜವಾಗಿ ಆರಿತೇ ಎಂದು ಕಣ್ಣಾರೆ ನೋಡುತ್ತೇನೆ, ಆಮೇಲೆ ಮತ್ತೆ ಆನ್ ಮಾಡಿ, ಗೋಡೆ ಸ್ವಿಚ್ ಒಂದು ಸಲ ಆಫ್ ಮಾಡಿ ಹಾಕಿ ಕರೆಂಟ್ ಹೋಗಿ ಬಂದ ಪರೀಕ್ಷೆಯನ್ನೂ ಮಾಡುತ್ತೇನೆ. ಆ್ಯಪ್ ಅಪ್‌ಡೇಟ್ ಆದ ಮೇಲೆ ಒಂದು ಸಲ ಆ ಸೆಟ್ಟಿಂಗ್ ‘ಹಿಂದಿನ ಸ್ಥಿತಿ’ಗೆ ಮರಳಿತ್ತು, ಆ ಪರೀಕ್ಷೆಯಿಂದಲೇ ಗೊತ್ತಾಯಿತು.